ಆಯ್ದು ಕಡಿದರೂ ಕಾಡಿಗೆ ಗಾಯ

(ಮಲೆನಾಡಿನ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಕಾಡು ಕಡಿಯುವುದರಲ್ಲಿ ಎರಡು ಬಗೆ. ಒಂದು, ಗುಡ್ಡವನ್ನು ಗುಡ್ಡವೇ ಬೋಳಿಸಿಬಿಡುವುದು. ಇನ್ನೊಂದು, ಇಡೀ ಕಾಡನ್ನು ಹಾಗೆಯೇ ಬಿಟ್ಟು ಅಲ್ಲೊಂದು ಇಲ್ಲೊಂದು ದೊಡ್ಡ ಮರವನ್ನು ಮಾತ್ರ ಆಯ್ದು ಉರುಳಿಸುವುದು. ಮೊದಲನೆಯದನ್ನು ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಎರಡನೆಯದು ಕಣ್ಣಿಗೇ ಬೀಳುವುದಿಲ್ಲ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಕಾಡು ಹಸಿರಾಗಿಯೇ ಇರುತ್ತದೆ. ಇಲಾಖೆಯ ನಕ್ಷೆಯಲ್ಲೂ ಅದು ಕಾಡೇ. ಹಾಗಾದರೆ ನಷ್ಟವೇನು? ನೂರಾರು ಮರಗಳ ನಡುವೆ ಒಂದೆರಡು ಹೋದರೆ ಕಾಡಿಗೇನು ಬರ ಬಂತೆ?

1983ರಲ್ಲಿ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿ ಎಂಬ ಹಳ್ಳಿಯ ಜನರ ಮುಂದೆ ಇದ್ದದ್ದು ಇದೇ ಪ್ರಶ್ನೆ. ಅವರ ಊರಿನ ಬಳಿಯ ಕಳಾಸೆ ಕಾಡಿನಲ್ಲಿ ನಡೆಯುತ್ತಿದ್ದುದು ಬೋಳು ಕಡಿತವಲ್ಲ. ಸರ್ಕಾರದ ಅನುಮತಿ ಪಡೆದು, ಮರಕ್ಕೆ ಮುದ್ರೆ ಹಾಕಿ, ಲೆಕ್ಕ ಬರೆದು ಮಾಡುತ್ತಿದ್ದ ಆಯ್ಕೆ ಕಡಿತ. ಆದರೂ ಆ ವರ್ಷದ ಸೆಪ್ಟೆಂಬರ್ 8ರಂದು ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಕಡಿಯಲು ಬಂದವರು ಕೊಡಲಿ ಕೆಳಗಿಟ್ಟರು. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣ ಅವರ ಪ್ರೇರಣೆ, ಪಾಂಡುರಂಗ ಹೆಗಡೆ ಮತ್ತು ಸ್ಥಳೀಯ ಯುವಕರ ಸಂಘಟನೆ ಸೇರಿ ಹುಟ್ಟಿದ ಈ ಚಳವಳಿಗೆ ಅಪ್ಪಿಕೊ ಎಂದು ಹೆಸರಾಯಿತು.

ಲೆಕ್ಕದ ಪ್ರಕಾರವೇ ಕಡಿಯುತ್ತಿದ್ದಾಗ ಜನ ಏಕೆ ಎದ್ದರು? ಲೆಕ್ಕ ತಪ್ಪಿತ್ತೇ, ಅಥವಾ ಲೆಕ್ಕದಲ್ಲಿ ಸೇರದ ಸಂಗತಿಗಳು ಇದ್ದವೇ? ಇದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೇವರ ಅಪ್ಪಣೆಯಿಂದ ಇಲಾಖೆಯ ಮುದ್ರೆಗೆ

ಮರವನ್ನು ಆಯ್ದು ಕಡಿಯುವುದು ನಮ್ಮ ಜನರಿಗೆ ಹೊಸದಲ್ಲ. ನೇಗಿಲಿಗೊಂದು, ಮನೆಯ ತೊಲೆಗೊಂದು, ದೋಣಿಗೊಂದು ಎಂದು ಬೇಕಾದ ಮರವನ್ನು ಹುಡುಕಿ ತರುತ್ತಿದ್ದರು. ಟಿಪ್ಪು ಸುಲ್ತಾನನ ಪತನದ ನಂತರ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕೆನರಾದ ಕಾಡುಗಳು ಊರದೇವರ ಸೊತ್ತೆಂದು ಜನ ನಂಬುವುದನ್ನೂ, ಕಡಿಯುವ ಮುನ್ನ ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆ ಬೇಕಾಗುವುದನ್ನೂ 1801ರಲ್ಲಿ ದಾಖಲಿಸಿದ. ಸರ್ಕಾರ ಹಕ್ಕು ಸ್ಥಾಪಿಸದಂತೆ ತಡೆಯಲು ಹೂಡಿದ ಉಪಾಯವಿದು ಎಂದೂ ಆತ ಶಂಕಿಸಿದ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ಕಾನು ಎಂದು ಕರೆಯುವ ದಟ್ಟ ಹಸಿರು ಕಾಡುಗಳು ಉಳಿದುಬಂದದ್ದು ಇಂಥ ಕಟ್ಟುಪಾಡುಗಳಿಂದ. ಕಾನಿನಿಂದ ಮೆಣಸು, ದಾಲ್ಚಿನ್ನಿ, ಬಗನಿ, ಜೇನು ಬರುತ್ತಿತ್ತು. ಮರ ನಿಂತಿದ್ದರೆ ಮಾತ್ರ ಸಿಗುವ ಆದಾಯ ಅದು.

1853ರಲ್ಲಿ ಭಾರತಕ್ಕೆ ರೈಲು ಬಂತು. ಹಳಿಯ ಕೆಳಗೆ ಹಾಕುವ ಮರದ ದಿಂಡುಗಳಿಗೆ ಅಪಾರ ಬೇಡಿಕೆ ಹುಟ್ಟಿತು. ತೇಗದ ಕಾಡುಗಳು ಕಣ್ಣೆದುರೇ ಕರಗತೊಡಗಿದಾಗ ಬ್ರಿಟಿಷರಿಗೂ ಭಯವಾಯಿತು. ಬರ್ಮಾದ ಪೆಗು ಪ್ರಾಂತ್ಯದಲ್ಲಿ 1856ರಿಂದ ಕೆಲಸ ಮಾಡಿದ್ದ ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಆತ ರೂಪಿಸಿದ ವಿಧಾನ ಸರಳವಾಗಿತ್ತು. ಕಾಡಿನಲ್ಲಿ ಗೊತ್ತಾದ ಗೆರೆಯಲ್ಲಿ ನಡೆಯುತ್ತ ಮರಗಳನ್ನು ಎಣಿಸಬೇಕು, ಸುತ್ತಳತೆಯ ಪ್ರಕಾರ ವಿಂಗಡಿಸಬೇಕು, ಎಳೆಯ ಮರ ಬೆಳೆದು ದೊಡ್ಡದಾಗಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಬೇಕು, ಆಮೇಲೆ ಗೊತ್ತಾದ ಸುತ್ತಳತೆ ಮೀರಿದ ಮರಗಳನ್ನು ಮಾತ್ರ ಕಡಿಯಬೇಕು. ಕೆಲವು ದಶಕಗಳ ನಂತರ ಅದೇ ಜಾಗಕ್ಕೆ ಮರಳುವ ಹೊತ್ತಿಗೆ ನಡುವಯಸ್ಸಿನ ಮರಗಳು ಬಲಿತಿರುತ್ತವೆ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ತೆಗೆಯುವ ಬ್ಯಾಂಕ್ ಲೆಕ್ಕದಂತೆ.

ಇದು ಮೂರ್ಖ ಯೋಚನೆಯಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಬೋಳು ಕಡಿತದ ಎದುರಿನಲ್ಲಿ ಅದು ಎಷ್ಟೋ ವಿವೇಕದ ಮಾರ್ಗ. ಆದರೆ ತೇಗದ ಕಾಡು ಬೇರೆ, ಘಟ್ಟದ ನಿತ್ಯಹರಿದ್ವರ್ಣ ಕಾಡು ಬೇರೆ. ತೇಗಕ್ಕೆ ಬಿಸಿಲು ಬೇಕು. ಜಾಗ ತೆರವಾದರೆ ಅದು ಚಿಗುರುತ್ತದೆ. ಘಟ್ಟದ ಕಾಡು ನೆರಳಿನ ಮೇಲೆ ನಿಂತ ಸಂಸಾರ. ಸ್ವಾತಂತ್ರ್ಯದ ನಂತರ ಪ್ಲೈವುಡ್, ಬೆಂಕಿಕಡ್ಡಿ, ರೈಲ್ವೆಗಳ ಬೇಡಿಕೆ ಏರಿದಾಗ ಅಂಥ ಕಾಡಿಗೂ ಸುತ್ತಳತೆಯ ಪಟ್ಟಿ ಬಂತು. ಮೊದಲು ಯಾರಿಗೂ ಬೇಡವಾಗಿದ್ದ ಧೂಪ, ಕಾಡುಮಾವಿನಂಥ ಮರಗಳು ಪ್ಲೈವುಡ್ ಯಂತ್ರದ ಮುಂದೆ ನಾಟಾ ಆದವು.

ಬಿದ್ದದ್ದು ಒಂದೇ ಮರವಲ್ಲ

ನೂರಡಿ ಎತ್ತರದ ಮರವೊಂದು ಉರುಳುವುದನ್ನು ಕಲ್ಪಿಸಿಕೊಳ್ಳಿ. ಘಟ್ಟದ ಕಾಡಿನಲ್ಲಿ ಮರದಿಂದ ಮರಕ್ಕೆ ತೊಡೆಗಾತ್ರದ ಬಳ್ಳಿಗಳು ಹಬ್ಬಿರುತ್ತವೆ. ಒಂದು ಬೀಳುವಾಗ ಬಳ್ಳಿ ಪಕ್ಕದ ಮರದ ಹರೆಯನ್ನು ಎಳೆಯುತ್ತದೆ. ಬುಡದಲ್ಲಿದ್ದ ಎಳೆಯ ಮರಗಳು ಜಜ್ಜಿಹೋಗುತ್ತವೆ. ಅವೇ ಮುಂದಿನ ಸರದಿಯ ಕಡಿತಕ್ಕೆ ಬಲಿಯಬೇಕಾದ ಮರಗಳು. ಇಲಾಖೆಯ ಪುಸ್ತಕದಲ್ಲಿ ಬಿದ್ದದ್ದು ಮುದ್ರೆ ಹಾಕಿದ ಒಂದು ಮರ. ಕಾಡಿನ ನೆಲದ ಮೇಲೆ ಬಿದ್ದದ್ದು ಅದರ ಹಲವು ಪಟ್ಟು. ಸಾಲ್ಕಣಿಯವರು ಕೂಪಿನಲ್ಲಿ ಕಂಡು ಹೇಳಿದ್ದು ಇದನ್ನೇ.

ಬಿದ್ದ ಮರವನ್ನು ಹೊರಗೆ ತರಬೇಕಲ್ಲ? ದಿಮ್ಮಿಯನ್ನು ಇಳಿಜಾರಿನಲ್ಲಿ ಎಳೆದ ಜಾಗ ಓಣಿಯಾಗುತ್ತದೆ. ಲಾರಿ ಬರಲು ಮಣ್ಣಿನ ರಸ್ತೆ ಬೇಕು. ಭಾರಕ್ಕೆ ಅಲ್ಲಿಯ ನೆಲ ಗಟ್ಟಿಯಾಗುತ್ತದೆ. ಮಲೆನಾಡಿನ ಮಳೆ ಗೊತ್ತೇ ಇದೆ. ಮೊದಲ ಜೂನ್‌ನಲ್ಲೇ ಆ ಓಣಿ ಕೊರಕಲಾಗುತ್ತದೆ, ಕೆಂಪು ನೀರು ಹಳ್ಳ ಸೇರುತ್ತದೆ. ಗುತ್ತಿಗೆದಾರ ಹೋದ ಮೇಲೂ ರಸ್ತೆ ಉಳಿಯುತ್ತದೆ. ಅದರಲ್ಲಿ ಬೇಟೆಯವರು ಬರುತ್ತಾರೆ, ಕಳ್ಳನಾಟಾದವರು ಬರುತ್ತಾರೆ, ದನ ಬರುತ್ತದೆ, ಕೊನೆಗೆ ಒತ್ತುವರಿ ಬರುತ್ತದೆ.

ಕತ್ತಲೆಗೂ ಬೆಲೆಯಿದೆ

ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಮೇಲಿನ ಹಸಿರು ಚಪ್ಪರ ದಟ್ಟವಾಗಿರುವುದರಿಂದ ನಡುಹಗಲಲ್ಲೂ ನೆಲದ ಮೇಲೆ ಮಬ್ಬು. ಆ ಮಬ್ಬಿನಲ್ಲಿ ತೇವ ಆರುವುದಿಲ್ಲ, ಗಾಳಿ ತಂಪಾಗಿರುತ್ತದೆ. ಧೂಪ, ರಾಮಪತ್ರೆಗಳ ಸಸಿಗಳು ಅಲ್ಲಿ ವರ್ಷಗಟ್ಟಲೆ ಗೇಣುದ್ದವೇ ಇದ್ದು ತಮ್ಮ ಸರದಿಗೆ ಕಾಯುತ್ತವೆ.

ಮರ ತಾನಾಗಿ ಸತ್ತು ಬಿದ್ದಾಗಲೂ ಚಪ್ಪರದಲ್ಲಿ ತೂತಾಗುತ್ತದೆ. ಕಾಡು ಹೊಸದಾಗುವುದು ಅಂಥ ಸಣ್ಣ ತೂತುಗಳಿಂದಲೇ. ಆದರೆ ಅವು ಅಲ್ಲಲ್ಲಿ, ಎಂದೋ ಒಮ್ಮೆ ಆಗುವಂಥವು. ಒಂದೇ ಬೇಸಿಗೆಯಲ್ಲಿ ಕಾಡಿನ ತುಂಬ ತೂತು ಬಿದ್ದರೆ ಬಿಸಿಲು ನೆಲಕ್ಕೆ ಇಳಿಯುತ್ತದೆ, ತರಗೆಲೆ ಒಣಗುತ್ತದೆ. ನೆರಳಿನ ಸಸಿಗಳು ಸೊರಗುತ್ತವೆ. ಬಿಸಿಲು ಬಯಸುವ ಚಂದಕಲಿನಂಥ ಮರಗಳು ನುಗ್ಗುತ್ತವೆ. ಅವು ಹೋಗಲಿ, ನಮ್ಮವೇ ಮರಗಳು. ಅಮೆರಿಕ ಖಂಡದಿಂದ ಬಂದ ಲಂಟಾನ, ಜನ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಯುಪಟೋರಿಯಂ ರಸ್ತೆಯಂಚಿನಿಂದ ಒಳಗೆ ಹಬ್ಬುತ್ತವೆ. ಒದ್ದೆ ಕಾಡಿಗೆ ಸಾಮಾನ್ಯವಾಗಿ ಬೆಂಕಿ ತಗಲುವುದಿಲ್ಲ. ಒಣಗಿದ ತರಗೆಲೆ ಮತ್ತು ಕಳೆಯಿದ್ದರೆ ಒಂದು ಬೀಡಿಯ ಕಿಡಿ ಸಾಕು.

ಇದೇ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಸದಾ ನೀರು ನಿಲ್ಲುವ ಜೌಗು ಕಾಡಿನಲ್ಲಿ ಸಿಕ್ಕ ಗೇರಿನ ಬಳಗದ ಮರವೊಂದನ್ನು ವಿಜ್ಞಾನಿಗಳು 2000ನೇ ಇಸವಿಯಲ್ಲಿ ಹೊಸ ಪ್ರಭೇದವೆಂದು ಗುರುತಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಸೇರಿದೆ. ಪೊದೆಯಲ್ಲ, ಹುಲ್ಲಲ್ಲ, ಕಾಡಿನ ಎತ್ತರದ ಮರ! ಬ್ರಿಟಿಷರ ಕಾಲದಿಂದ ಮರ ಎಣಿಸುತ್ತ ಬಂದ ಜಿಲ್ಲೆಯಲ್ಲಿ ಅದು ಅಷ್ಟು ಕಾಲ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎಣಿಸುತ್ತಿದ್ದುದು ನಾಟಾವನ್ನು, ಕಾಡನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬಿತ್ತನೆ ಬೀಜ ಉಂಡವರು

ಜೋಳದ ಹೊಲದ ರೈತ ಏನು ಮಾಡುತ್ತಾನೆ? ಎಲ್ಲಕ್ಕಿಂತ ದಪ್ಪನೆಯ, ಕಾಳು ತುಂಬಿದ ತೆನೆಯನ್ನು ಬೀಜಕ್ಕೆಂದು ಎತ್ತಿಡುತ್ತಾನೆ. ಉಳಿದದ್ದನ್ನು ಉಣ್ಣುತ್ತಾನೆ. ಆಯ್ಕೆ ಕಡಿತದಲ್ಲಿ ಇದು ತಿರುಗುಮುರುಗಾಗುತ್ತದೆ. ನೆಟ್ಟಗೆ ಬೆಳೆದ, ಗಂಟಿಲ್ಲದ, ಆರೋಗ್ಯವಂತ ಮರಕ್ಕೆ ಮೊದಲು ಮುದ್ರೆ ಬೀಳುತ್ತದೆ. ಸೊಟ್ಟ, ಪೊಳ್ಳು, ರೋಗದ ಮರ ಬೀಜಕ್ಕೆ ಉಳಿಯುತ್ತದೆ.

ಕಾಡಿನ ಬೀಜಗಳ ಕತೆಯೂ ಬೇರೆ. ಧೂಪದಂಥ ಮರಗಳ ಬೀಜವನ್ನು ರಾಗಿಯಂತೆ ಕಣಜದಲ್ಲಿ ಇಡಲಾಗದು. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವಾದರೆ ಸತ್ತಂತೆ. ಮಣ್ಣಿನೊಳಗೆ ಬೀಜದ ಉಳಿತಾಯ ಖಾತೆ ಇಲ್ಲ. ತಾಯಿಮರ ಹೋದರೆ ಸುತ್ತಲಿನ ಅದರ ಸಂತಾನದ ದಾರಿಯೇ ಕಟ್ಟುತ್ತದೆ.

ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿನಿಂದ ಒಂದೊಂದು ಮರಕ್ಕೂ ಸಂಖ್ಯೆ ಕೊಟ್ಟು ಅಳೆಯುತ್ತ ಬಂದಿದ್ದಾರೆ. ಅಲ್ಲಿ ಕಂಡ ಚಿತ್ರ ಸ್ವಾರಸ್ಯಕರ. ಕೆಳಗಿನ ಅಂತಸ್ತಿನಲ್ಲಿ ಹಂಬೋಲ್ಟಿಯಾ ಎಂಬ ಗಿಡ್ಡ ಮರ, ನಡುವೆ ರಾಮಪತ್ರೆಯ ಬಳಗ, ಮೇಲಿನ ಚಪ್ಪರದಲ್ಲಿ ಬಿಳಿ ಧೂಪ, ಎಲ್ಲಕ್ಕೂ ಮೇಲೆ ತಲೆ ಎತ್ತಿದ ಡಿಪ್ಟೆರೊಕಾರ್ಪಸ್ ಎಂಬ ದೈತ್ಯ ಮರ. ಹೀಗೆ ಒಂದೊಂದು ಅಂತಸ್ತಿಗೆ ಒಬ್ಬೊಬ್ಬ ಯಜಮಾನ. ಪ್ಲೈವುಡ್ ಕಾರ್ಖಾನೆಗೆ ಬೇಕಾದದ್ದು ಮೇಲಿನ ಎರಡು ಅಂತಸ್ತಿನವರು. ಮರಗಳ ಸಂಖ್ಯೆಯಲ್ಲಿ ಕಳೆದದ್ದು ಕಡಿಮೆ ಎನಿಸಬಹುದು. ಆದರೆ ಮನೆಯ ಮಾಡನ್ನೇ ತೆಗೆದು ಗೋಡೆಗಳು ಹಾಗೇ ಇವೆ ಎಂದಂತೆ ಅದು.

ಮಾಡು ಹೋದರೆ ಮನೆಯವರೂ ಹೋಗುತ್ತಾರೆ. ದಾಂಡೇಲಿ ಕಡೆಯ ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಮುದಿ ಮರಗಳ ಪೊಟರೆಯಲ್ಲಿ. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಂಡರೆ ಗಂಡು ಸಣ್ಣ ಕಿಂಡಿಯಿಂದ ಹಣ್ಣು ಉಣಿಸುತ್ತದೆ. ಮುದಿ ಮರವಿಲ್ಲದಿದ್ದರೆ ಗೂಡಿಲ್ಲ. ಗೂಡಿಲ್ಲದಿದ್ದರೆ ದೊಡ್ಡ ಬೀಜಗಳನ್ನು ನುಂಗಿ ದೂರಕ್ಕೆ ಒಯ್ದು ಬಿತ್ತುವವರಿಲ್ಲ. ಸಿಂಹಬಾಲದ ಸಿಂಗಳೀಕ ಬದುಕಿನ ಬಹುಪಾಲನ್ನು ಮರದ ಮೇಲೆಯೇ ಕಳೆಯುವ ಪ್ರಾಣಿ. ಹರೆಗೆ ಹರೆ ತಾಗಿದ್ದರಷ್ಟೇ ಅದಕ್ಕೆ ದಾರಿ. ಇವೆರಡಕ್ಕೂ ಉತ್ತರ ಕನ್ನಡದಲ್ಲಿ 2011ರಲ್ಲಿ ಪ್ರತ್ಯೇಕ ಸಂರಕ್ಷಣಾ ಮೀಸಲು ಪ್ರದೇಶಗಳನ್ನು ಘೋಷಿಸಲಾಯಿತು.

ಬಿದಿರು ಕಲಿಸಿದ ಪಾಠ

ಆಯ್ಕೆ ಕಡಿತದ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಬಿದಿರು ಒಳ್ಳೆಯ ನಿದರ್ಶನ. ಸ್ವಾತಂತ್ರ್ಯದ ನಂತರ ಕಾಗದ ಕಾರ್ಖಾನೆಗಳಿಗೆ ರಾಜ್ಯದ ಕಾಡುಗಳ ಬಿದಿರನ್ನು ಅತಿ ಅಗ್ಗದ ದರದಲ್ಲಿ ಕೊಡಲಾಯಿತು. ಮೆಳೆಯನ್ನು ಬುಡಸಹಿತ ಕಡಿಯದೆ ಬಲಿತ ಗಳುಗಳನ್ನು ಮಾತ್ರ ತೆಗೆಯಬೇಕೆಂಬ ನಿಯಮವೂ ಇತ್ತು. ಆದರೂ ಬಿದಿರು ಕ್ಷೀಣಿಸುತ್ತ ಹೋಯಿತು. ಬುಟ್ಟಿ ಹೆಣೆಯುವ ಮೇದಾರರು ಕಂಗೆಟ್ಟರು. 1970ರ ದಶಕದಲ್ಲಿ ಇದರ ಅಧ್ಯಯನಕ್ಕೆ ಇಳಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿ ನರೇಂದ್ರ ಪ್ರಸಾದ್.

ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಒಳಗಿನ ಗಳು ಕಡಿಯಲು ಅದು ಅಡ್ಡಿ. ಆದ್ದರಿಂದ ಮುಳ್ಳು ಸವರಿ ಮೆಳೆಯನ್ನು ‘ಶುಚಿ’ ಮಾಡುತ್ತಿದ್ದರು. ಹಾಗೆ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯಶಾಸ್ತ್ರದ ನಂಬಿಕೆಯೂ ಆಗಿತ್ತು. ಹಳ್ಳಿಯವರ ಮಾತೇ ಬೇರೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ ಮತ್ತು ಕಾಡುಪ್ರಾಣಿಗಳು ತಿಂದುಬಿಡುತ್ತವೆ. ಅಳತೆ ಮಾಡಿ ನೋಡಿದಾಗ ಹಳ್ಳಿಯವರದೇ ಸರಿಯಾಗಿತ್ತು. ಎಷ್ಟು ಗಳು ಕಡಿಯಬೇಕೆಂಬ ನಿಯಮದಲ್ಲಿ ಮುಳ್ಳಿಗೆ ಜಾಗವೇ ಇರಲಿಲ್ಲ. ತೆಗೆದ ಗಳುವಿಗಿಂತ ಹೆಚ್ಚು ಹಾನಿ ಮಾಡಿದ್ದು, ತೆಗೆಯುವ ರೀತಿ.

ನೀರಿನ ಮಾತು

ಸಾಲ್ಕಣಿಯ ಹೆಂಗಸರು, ಗಂಡಸರು ಮರ ಅಪ್ಪಿಕೊಂಡದ್ದು ಸಿಂಗಳೀಕಕ್ಕಾಗಿ ಮಾತ್ರ ಅಲ್ಲ. ಕಣಿವೆಯ ಅಡಿಕೆ ತೋಟಕ್ಕೆ ನೀರು ಬರುವುದು ಮೇಲಿನ ಕಾಡಿನಿಂದ. ಬೇಸಿಗೆಯಲ್ಲಿ ಹಳ್ಳ ಬತ್ತುವುದನ್ನು ಅವರು ಕಣ್ಣಾರೆ ಕಾಣತೊಡಗಿದ್ದರು. ಕಾಡಿಗೂ ನೀರಿಗೂ ಇರುವ ನಂಟು ಬಹಳ ಜಟಿಲವಾದದ್ದು. ಮರಗಳು ನೀರು ಕುಡಿಯುತ್ತವೆ ಎಂಬುದೂ ನಿಜ. ಆದರೆ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಉತ್ತರ ಕನ್ನಡದಲ್ಲೇ ನಡೆಸಿ 2010ರ ನಂತರ ಪ್ರಕಟಿಸಿದ ಅಧ್ಯಯನಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸಿದವು. ಹಾಳಾದ ಕಾಡಿನ ನೆಲಕ್ಕಿಂತ ಒಳ್ಳೆಯ ಸಹಜ ಕಾಡಿನ ನೆಲ ಮಳೆನೀರನ್ನು ಬೇಗ ಒಳಗೆಳೆದುಕೊಳ್ಳುತ್ತದೆ. ಹಾಳಾದಲ್ಲಿ ಅದು ಮೇಲೆಯೇ ಹರಿದು ಸಮುದ್ರದ ದಾರಿ ಹಿಡಿಯುತ್ತದೆ.

ಕಾಡು ಹಾಳಾಗಲು ಗುತ್ತಿಗೆದಾರನ ಗರಗಸವೊಂದೇ ಕಾರಣವಲ್ಲ. ಸೊಪ್ಪಿನ ಬೆಟ್ಟದಲ್ಲಿ ವರ್ಷವರ್ಷವೂ ಹರೆ ಕಡಿದು, ದರಕು ಗುಡಿಸಿ, ದನ ಮೇಯಿಸಿದ್ದರ ಪಾಲೂ ಇದೆ. ಅಪ್ಪಿಕೊ ಚಳವಳಿ ಇದನ್ನು ಅರಿತಿತ್ತು. ಅದಕ್ಕೇ ‘ಉಳಿಸು, ಬೆಳೆಸು, ಬಳಸು’ ಎಂದು ಮೂರು ಮಾತಿನ ಘೋಷಣೆ ಮಾಡಿಕೊಂಡಿತು. ಬಳಸಲೇಬೇಡಿ ಎನ್ನಲಿಲ್ಲ, ಬಳಕೆಯನ್ನು ಕೊನೆಗಿಟ್ಟಿತು.

ನಾಣ್ಯದ ಇನ್ನೊಂದು ಮುಖ

ಹಾಗೆಂದು ಒಮ್ಮೆ ಕಡಿದ ಕಾಡು ಸತ್ತಂತೆ ಎನ್ನಬಹುದೇ? ಖಂಡಿತ ಇಲ್ಲ. ಜಗತ್ತಿನ ಉಷ್ಣವಲಯದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ಸಲ ಆಯ್ದು ಕಡಿದ ಕಾಡಿನಲ್ಲಿ ಪ್ರಾಣಿ, ಪಕ್ಷಿ, ಕೀಟ, ಸಸ್ಯ ಪ್ರಭೇದಗಳ ಪೈಕಿ ಶೇ. 85ರಿಂದ 100ರಷ್ಟು ಉಳಿದಿರುತ್ತವೆ. ಮರಗಳಲ್ಲಿ ಅಡಗಿದ ಇಂಗಾಲದ ಶೇ. 76 ಭಾಗ ಉಳಿದಿರುತ್ತದೆ. ತೋಟವೋ ನೆಡುತೋಪೋ ಆಗಿ ಬದಲಾದ ಕಾಡಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಗಂಟು. ‘ಹೇಗೂ ಕಡಿದದ್ದಲ್ಲವೇ’ ಎಂದು ಅಂಥ ಕಾಡನ್ನು ಗಣಿಗೋ ಅಕೇಸಿಯಾಕ್ಕೋ ಬಿಟ್ಟುಕೊಡುವುದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು.

ಆದರೆ ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ. ಎರಡನೇ ಸಲ ಕಡಿಯಲು ಹೋದಾಗ ಸಿಗುವ ನಾಟಾ ಮೊದಲ ಸಲದ ಅರ್ಧದಷ್ಟು ಮಾತ್ರ, ಸುಮಾರು ಶೇ. 54. ಬಡ್ಡಿಯನ್ನಷ್ಟೇ ತೆಗೆಯುತ್ತೇವೆ ಎಂದವರು ನಿಜಕ್ಕೂ ತೆಗೆದದ್ದು ಅಸಲನ್ನು. ಶತಮಾನಗಳಲ್ಲಿ ಬೆಳೆದ ಮರವನ್ನು ಕೆಲವು ದಶಕಗಳ ಸುತ್ತಿನಲ್ಲಿ ಮರಳಿ ಪಡೆಯುವ ಲೆಕ್ಕ ಹೇಗೆ ಕೂಡೀತು?

ನಾಟಾ ಬೇಕೇಬೇಕು ಎನ್ನುವ ದೇಶಗಳಲ್ಲಿ ಈಗ ಹಾನಿ ತಗ್ಗಿಸುವ ಕಡಿತ ಎಂಬ ಪದ್ಧತಿ ಇದೆ. ತಿಂಗಳುಗಳ ಮೊದಲೇ ಬಳ್ಳಿ ಕತ್ತರಿಸುವುದು, ಮರ ಯಾವ ದಿಕ್ಕಿಗೆ ಬೀಳಬೇಕೆಂದು ನಿಶ್ಚಯಿಸುವುದು, ದಿಮ್ಮಿ ಎಳೆಯುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸುವುದು, ಹಳ್ಳದ ದಂಡೆಯನ್ನು ಮುಟ್ಟದಿರುವುದು, ಕೆಲಸ ಮುಗಿದ ಮೇಲೆ ರಸ್ತೆ ಮುಚ್ಚುವುದು. ಇದರಿಂದ ಗಾಯ ಚಿಕ್ಕದಾಗುತ್ತದೆ. ಗಾಯವೇ ಇಲ್ಲದಂತೆ ಆಗುವುದಿಲ್ಲ.

ಒಣಮರವೂ ಬದುಕೇ

ಭಾರತ ಬೇರೆ ದಾರಿ ಹಿಡಿಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಉಷ್ಣವಲಯದ ಮಳೆಕಾಡುಗಳನ್ನು ಸಂಪೂರ್ಣ ಕಾಪಾಡಬೇಕೆಂದಿತು. ಕಾಡಿನ ಮೊದಲ ಕೆಲಸ ಪರಿಸರದ ಸ್ಥಿರತೆ, ಆದಾಯ ಆಮೇಲೆ ಎಂದಿತು. ಪಶ್ಚಿಮಘಟ್ಟದ ಸಹಜ ಕಾಡುಗಳಲ್ಲಿ ಹಸಿಮರ ಕಡಿಯುವುದು ನಿಲ್ಲುತ್ತ ಬಂತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶ, ಅನುಮೋದಿತ ಕಾರ್ಯಯೋಜನೆಯಿಲ್ಲದೆ ದೇಶದ ಯಾವ ಕಾಡಿನಲ್ಲೂ ಕೊಡಲಿ ಎತ್ತದಂತೆ ಕಟ್ಟು ಹಾಕಿತು.

ಆದರೆ ಹಸಿಮರ ಬಿಟ್ಟರೂ ‘ಸತ್ತ ಮತ್ತು ಬಿದ್ದ ಮರ’ ಎಂಬ ಇನ್ನೊಂದು ಬಾಗಿಲು ತೆರೆದಿತ್ತು. ಸತ್ತದ್ದನ್ನು ತೆಗೆದರೆ ನಷ್ಟವೇನು ಎಂಬುದು ಮೇಲುನೋಟಕ್ಕೆ ಸರಿ. ಕಾಡಿನಲ್ಲಿ ಮಾತ್ರ ಸತ್ತ ಮರ ಸುಮ್ಮನೆ ಇರುವುದಿಲ್ಲ. ಅದರ ಪೊಟರೆಯಲ್ಲಿ ಹಕ್ಕಿ, ಹಾರುವ ಅಳಿಲು. ತೊಗಟೆಯಡಿ ಹುಳು, ಹುಳುವಿಗೆ ಮರಕುಟಿಗ. ಅಣಬೆ, ಗೆದ್ದಲು ಅದನ್ನು ಪುಡಿಗಟ್ಟಿ ಮಣ್ಣಿಗೆ ಮರಳಿಸುತ್ತವೆ. ಅದನ್ನು ಹೊರತರಲು ಮತ್ತೆ ಲಾರಿ, ಮತ್ತೆ ರಸ್ತೆ. ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯದಂತೆ ಆದೇಶಿಸಿತು.

ಸ್ನೇಹಿತರೇ, ಕಡಿತ ನಿಂತ ಕಾಡುಗಳು ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿವೆ. ಎಷ್ಟು ನಿಧಾನವೆಂದರೆ, 1983ರಲ್ಲಿ ಮೊಳೆತ ಧೂಪದ ಸಸಿ ಇನ್ನೂ ಎಳೆಯ ಮರವೇ. ಅದನ್ನು ಉಳಿಸಿದವರಲ್ಲಿ ಕೆಲವರು ಈಗಿಲ್ಲ. ಬಹುಗುಣ ಅವರೂ 2021ರಲ್ಲಿ ತೀರಿಕೊಂಡರು. ಆ ಸಸಿ ಚಪ್ಪರ ಮುಟ್ಟಿ, ತನ್ನ ಪೊಟರೆಯಲ್ಲಿ ಮಂಗಟ್ಟೆಗೆ ಮನೆ ಕೊಡುವ ಹೊತ್ತಿಗೆ ಇಲ್ಲಿ ಕೂತ ಯಾರೂ ಇರುವುದಿಲ್ಲ. ಕಾಡಿನ ಲೆಕ್ಕ ಹಾಕುವಾಗ ಮೊದಲು ನೆನಪಿಡಬೇಕಾದದ್ದು ಇದು. ಮನುಷ್ಯನ ಆಯಸ್ಸು ಆ ಲೆಕ್ಕಕ್ಕೆ ಅಳತೆಗೋಲಾಗದು.

ಇನ್ನು ಕಾಡಿಗೆ ಹೋದಾಗ ಕೇವಲ ಹಸಿರು ಕಂಡು ಸಮಾಧಾನಪಡಬೇಡಿ. ತಲೆ ಎತ್ತಿ ಚಪ್ಪರ ನೋಡಿ. ತಲೆ ತಗ್ಗಿಸಿ ನೆಲ ನೋಡಿ. ಮುದಿ ಮರಗಳಿವೆಯೇ, ಅವುಗಳ ಬುಡದಲ್ಲಿ ಅವುಗಳದೇ ಸಸಿಗಳಿವೆಯೇ ಎಂದು ಹುಡುಕಿ. ಅಜ್ಜನೂ ಮೊಮ್ಮಗನೂ ಒಟ್ಟಿಗಿರುವ ಮನೆಯಂತೆ ಇದ್ದರೆ ಆ ಕಾಡು ಆರೋಗ್ಯವಾಗಿದೆ ಎಂದು ತಿಳಿಯಿರಿ.